ರಿಮೋಟ್ ಕಾರು ಓಟ: ಮೊದಲು ನಿಯಮ, ಆಮೇಲೆ ಬಹುಮಾನ



ಈ ಸಲದ ರಾಜ್ಯೋತ್ಸವಕ್ಕೆ ಯಾವ ಯಾವ ಸ್ಪರ್ಧೆ ಇಡೋಣ ಎಂದು ಶಾಖೆಗಳಿಂದ ಸಲಹೆ ಕೇಳಿದ್ದೆವು. ರಂಗೋಲಿ, ಭಾವಗೀತೆ, ಛದ್ಮವೇಷ, ಹಗ್ಗಜಗ್ಗಾಟ ಎಂದಿನಂತೆ ಬಂದವು. ಅವುಗಳ ನಡುವೆ ಹೊಸೂರು, ಸೊಲ್ಲಾಪುರ, ಆದವಾನಿ ಮೂರೂ ಕಡೆಯಿಂದ ಒಂದೇ ಬೇಡಿಕೆ ಬಂದಿದೆ. ರಿಮೋಟ್ ಕಾರಿನ ಓಟ ಬೇಕಂತೆ. ಬರೆದವರೆಲ್ಲ ಹದಿಮೂರು, ಹದಿನಾಲ್ಕು ವರ್ಷದ ಮಕ್ಕಳು. ಆದವಾನಿಯ ಪತ್ರದಲ್ಲಿ ಮಾತು ಕನ್ನಡ, ಅಕ್ಷರ ತೆಲುಗು. ಮಗು ಮನೆಯಲ್ಲಿ ಕನ್ನಡ ಆಡುತ್ತದೆ, ಶಾಲೆಯಲ್ಲಿ ಕನ್ನಡ ಬರೆಯಲು ಕಲಿತಿಲ್ಲ. ಹಾಗಿದ್ದೂ ಸಂಘಕ್ಕೆ ಪತ್ರ ಬರೆಯಬೇಕೆನ್ನಿಸಿದೆಯಲ್ಲ, ಆ ಕಾರಣಕ್ಕಾಗಿಯೇ ಈ ಬೇಡಿಕೆಯನ್ನು ಪಕ್ಕಕ್ಕೆ ಸರಿಸುವ ಮನಸ್ಸು ನಮಗಾಗಲಿಲ್ಲ.

ಕಾರ್ಯಕಾರಿ ಸಮಿತಿಯಲ್ಲಿ ಎರಡು ಆಕ್ಷೇಪಣೆ ಬಂದವು. ಆಟಿಕೆ ಓಡಿಸುವುದಕ್ಕೂ ಕನ್ನಡಕ್ಕೂ ಏನು ಸಂಬಂಧ ಎಂಬುದು ಒಂದು. ಇಂಥ ಓಟ ಜಗಳದಲ್ಲಿ ಮುಗಿಯುತ್ತದೆ ಎಂಬುದು ಇನ್ನೊಂದು. ಎರಡನೆಯದು ಸುಮ್ಮನೆ ಹೇಳಿದ ಮಾತಲ್ಲ. ಹೋದ ವರ್ಷ ಒಂದು ಗಡಿ ಊರಿನ ಜಾತ್ರೆಯಲ್ಲಿ ಯುವಕರ ಗುಂಪೊಂದು ಇಂಥ ಓಟ ಇಟ್ಟಿತ್ತು. ಒಬ್ಬನ ರಿಮೋಟ್ ಒತ್ತಿದರೆ ಇನ್ನೊಬ್ಬನ ಕಾರು ಓಡಿತು. ಎಷ್ಟು ಸುತ್ತಾಯಿತೆಂದು ಎಣಿಸಿದವರು ಮೂವರು, ಮೂವರ ಲೆಕ್ಕವೂ ಬೇರೆ. ಕೊನೆಗೆ ಎಲ್ಲರಿಗಿಂತ ದುಬಾರಿ ಕಾರು ತಂದ ಹುಡುಗ ಕಪ್ ಒಯ್ದ, ಮಿಕ್ಕವರ ಅಪ್ಪಂದಿರು ಸಂಘಟಕರ ಮೇಲೆ ಏರಿ ಹೋದರು. ಅಲ್ಲಿ ಹಾಜರಿದ್ದ ನಮ್ಮ ಸದಸ್ಯರಿಂದ ವಿವರ ತರಿಸಿಕೊಂಡು ನೋಡಿದೆವು. ಒಂದೊಂದು ಜಗಳಕ್ಕೂ ಕಾರಣ ಒಂದೊಂದು ನಿಯಮ ಇಲ್ಲದಿದ್ದುದು. ಆ ನಿಯಮಗಳನ್ನು ಈ ಆಟ ಹುಟ್ಟಿ ಬೆಳೆದ ದೇಶಗಳಲ್ಲಿ ಬಹಳ ಹಿಂದೆಯೇ ಬರೆದಿಟ್ಟಿದ್ದಾರೆ. ಅವು ಏನು, ಯಾಕೆ ಹುಟ್ಟಿದವು, ಅವುಗಳಲ್ಲಿ ನಮಗೆ ಒಗ್ಗುವುದೆಷ್ಟು ಎಂಬುದನ್ನು ಶಾಖೆಗಳ ತಿಳುವಳಿಕೆಗಾಗಿ ಇಲ್ಲಿ ಬರೆದಿದ್ದೇವೆ.

ಮೊದಲು ಹಿರಿಯರಿಗೆ ಒಂದು ಮಾತು. ಇದು ಕೇವಲ ಮಕ್ಕಳಾಟವಲ್ಲ. ರೇಡಿಯೋ ಅಲೆಯಿಂದ ನಡೆಯುವ ಮಾದರಿ ಕಾರುಗಳು 1960ರ ದಶಕದಲ್ಲೇ ಮಾರಾಟಕ್ಕೆ ಬಂದವು. ಅಮೆರಿಕದಲ್ಲಿ 1967ರಷ್ಟು ಹಿಂದೆಯೇ ‘ರೋರ್’ ಎಂಬ ಸಂಸ್ಥೆ ಕಟ್ಟಿಕೊಂಡು ನಿಯಮಾವಳಿ ಮಾಡಿಕೊಂಡರು. ಜಪಾನಿನ ಟಮಿಯಾ ಕಂಪನಿ ಬ್ಯಾಟರಿಯಲ್ಲಿ ಓಡುವ ತನ್ನ ಮೊದಲ ರಿಮೋಟ್ ಕಾರನ್ನು, ಪೋರ್ಶೆ 934ರ ಮಾದರಿಯನ್ನು, ಹೊರತಂದದ್ದು 1976ರಲ್ಲಿ. ಅಂದರೆ ಅದಕ್ಕೆ ಒಂಬತ್ತು ವರ್ಷ ಮುಂಚೆಯೇ ಅಲ್ಲಿ ಸಂಘವಿತ್ತು, ಬೈಲಾ ಇತ್ತು. ಈಗ ‘ಇಫ್ಮಾರ್’ ಎಂಬ ಅಂತಾರಾಷ್ಟ್ರೀಯ ಒಕ್ಕೂಟದ ಕೆಳಗೆ ಯೂರೋಪು, ಉತ್ತರ ಅಮೆರಿಕ, ದಕ್ಷಿಣ ಅಮೆರಿಕ, ದೂರಪ್ರಾಚ್ಯ ಎಂದು ನಾಲ್ಕು ವಿಭಾಗಗಳಿವೆ. ಕಾರಿನ ಹತ್ತನೇ ಒಂದು ಅಳತೆಯ ಮಾದರಿಗಳಿಗೆ ಮಣ್ಣಿನ ಅಂಕಣದಲ್ಲಿ ವಿಶ್ವ ಚಾಂಪಿಯನ್‌ಷಿಪ್ ಶುರುವಾದದ್ದು 1985ರಲ್ಲಿ, ಕ್ಯಾಲಿಫೋರ್ನಿಯಾದ ಡೆಲ್ ಮಾರ್‌ನಲ್ಲಿ. ಎರಡು ವರ್ಷದ ಮೇಲೆ ಇಂಗ್ಲೆಂಡಿನಲ್ಲಿ ಗೆದ್ದ ಜಪಾನಿನ ಮಸಾಮಿ ಹಿರೋಸಾಕಾಗೆ ಆಗ ಹದಿನೇಳು ವರ್ಷ. ಮುಂದೆ ಅವರು ಒಟ್ಟು 14 ವಿಶ್ವ ಪ್ರಶಸ್ತಿ ಗೆದ್ದರು.

ಜಾತ್ರೆಯ ಮೊದಲ ತಕರಾರಿಗೆ ಬರೋಣ. ಒಬ್ಬನ ರಿಮೋಟಿಗೆ ಇನ್ನೊಬ್ಬನ ಕಾರು ಓಡಿದ್ದೇಕೆ? ಹಳೆಯ ರೇಡಿಯೋಗಳು 27 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಕೆಲಸ ಮಾಡುತ್ತಿದ್ದವು. ಆ ಪಟ್ಟಿಯಲ್ಲಿ ಮುಖ್ಯವಾಗಿ ಆರು ತರಂಗಾಂತರ, ಒಂದೊಂದಕ್ಕೂ ಒಂದೊಂದು ಬಣ್ಣ: ಕಂದು, ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ. ಒಂದೇ ಬಣ್ಣದ ಹರಳು ಹಾಕಿದ ಎರಡು ರಿಮೋಟ್ ಒಟ್ಟಿಗೆ ಚಾಲೂ ಆದರೆ ಕಾರು ಯಾರ ಮಾತು ಕೇಳಬೇಕು? ಅದಕ್ಕಾಗಿ ಆ ಕಾಲದ ಕ್ಲಬ್ಬುಗಳು ಮೈದಾನದಲ್ಲಿ ಒಂದು ಹಲಗೆ ತೂಗುಹಾಕುತ್ತಿದ್ದವು. ಬಣ್ಣಕ್ಕೊಂದು ಕ್ಲಿಪ್ಪು. ಕೆಂಪು ಕ್ಲಿಪ್ಪು ಕೈಯಲ್ಲಿರುವವನು ಮಾತ್ರ ಕೆಂಪು ರೇಡಿಯೋ ಹಚ್ಚಬಹುದು. ದೊಡ್ಡ ಸ್ಪರ್ಧೆಗಳಲ್ಲಿ ಎಲ್ಲರ ರಿಮೋಟನ್ನೂ ಮೇಜಿನ ಮೇಲೆ ಇಡಿಸಿಕೊಂಡು ಸರದಿ ಬಂದಾಗ ಮಾತ್ರ ಕೊಡುತ್ತಿದ್ದರು. ಈಗಿನ 2.4 ಗಿಗಾಹರ್ಟ್ಸ್ ರೇಡಿಯೋದಲ್ಲಿ ರಿಮೋಟಿಗೂ ಕಾರಿಗೂ ಒಮ್ಮೆ ಜೋಡಿ ಕಟ್ಟಿಬಿಟ್ಟರೆ ಹತ್ತಾರು ಕಾರು ಒಟ್ಟಿಗೆ ಓಡಿದರೂ ಗೊಂದಲವಿಲ್ಲ. ಆದರೆ ಜಾತ್ರೆಯ ಅಂಗಡಿಯಲ್ಲಿ ಸಿಗುವ ಅಗ್ಗದ ಆಟಿಕೆ ಕಾರುಗಳಲ್ಲಿ ಹಳೆಯ ಪದ್ಧತಿಯೇ ಇರುವುದುಂಟು. ಒಂದೇ ಪೆಟ್ಟಿಗೆಯಿಂದ ಬಂದ ಎರಡು ಕಾರು ಒಂದೇ ರಿಮೋಟಿಗೆ ಕುಣಿಯುವುದು ಅದಕ್ಕೇ. ಆದ್ದರಿಂದ ನಮ್ಮ ಮೊದಲನೇ ನಿಯಮ: 2.4 ಗಿಗಾಹರ್ಟ್ಸ್ ಅಲ್ಲದ ರಿಮೋಟಿಗೆ ಓಟದಲ್ಲಿ ಪ್ರವೇಶವಿಲ್ಲ. ರಿಮೋಟಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಅದು ಬರೆದಿರುತ್ತದೆ. ಹೆಸರು ನೋಂದಾಯಿಸುವಾಗಲೇ ನೋಡಿ ಬರೆದುಕೊಳ್ಳತಕ್ಕದ್ದು.

ಎರಡನೆಯದು ಸುತ್ತಿನ ಲೆಕ್ಕ. ಇಲ್ಲಿ ನಮ್ಮವರಿಗೆ ಒಂದು ವಿಷಯ ಹೊಸದಾಗಿ ಕಾಣಬಹುದು. ಬ್ಯಾಟರಿ ಕಾರುಗಳ ಓಟ ‘ಇಷ್ಟು ಸುತ್ತು ಯಾರು ಮೊದಲು’ ಎಂದಲ್ಲ, ‘ಇಷ್ಟು ನಿಮಿಷದಲ್ಲಿ ಯಾರು ಹೆಚ್ಚು’ ಎಂದು. ಹತ್ತನೇ ಒಂದು ಅಳತೆಯವಕ್ಕೆ ಸಾಮಾನ್ಯವಾಗಿ 5 ನಿಮಿಷ. ಗಂಟೆ ಬಾರಿಸಿದ ಕೂಡಲೇ ಕಾರು ನಿಲ್ಲಿಸುವಂತಿಲ್ಲ, ಆಗ ಓಡುತ್ತಿರುವ ಸುತ್ತನ್ನು ಮುಗಿಸಬೇಕು. ಫಲಿತಾಂಶ ಬರೆಯುವುದು ‘18 ಸುತ್ತು, 5 ನಿಮಿಷ 9 ಸೆಕೆಂಡು’ ಎಂಬ ರೀತಿಯಲ್ಲಿ. ಸುತ್ತು ಸಮ ಬಂದರೆ ಕಡಿಮೆ ಸಮಯದವನು ಮುಂದೆ. ಇದರಲ್ಲಿ ಸಂಘಟಕರಿಗೊಂದು ದೊಡ್ಡ ಅನುಕೂಲವಿದೆ. ನಿಧಾನದ ಕಾರು ಹತ್ತು ಸುತ್ತು ಮುಗಿಸಲೆಂದು ಎಲ್ಲರೂ ಕಾಯುತ್ತಾ ಕೂರಬೇಕಿಲ್ಲ. ಎಷ್ಟು ಗಂಟೆಗೆ ಕಾರ್ಯಕ್ರಮ ಮುಗಿಯುತ್ತದೆಂದು ಬೆಳಿಗ್ಗೆಯೇ ಹೇಳಬಹುದು. ನಮ್ಮ ಸಭೆಗಳ ಬಗ್ಗೆ ಹಾಗೆ ಹೇಳಲು ಇದುವರೆಗೆ ಸಾಧ್ಯವಾಗಿಲ್ಲ, ಅದು ಬೇರೆ ಮಾತು.

ದೊಡ್ಡ ಕ್ಲಬ್ಬುಗಳಲ್ಲಿ ಪ್ರತಿ ಕಾರಿನೊಳಗೆ ಟ್ರಾನ್ಸ್‌ಪಾಂಡರ್ ಎಂಬ ಬೆರಳಗಲದ ಯಂತ್ರ ಇರುತ್ತದೆ. ನೆಲದಡಿ ಹೂತ ತಂತಿಯ ಮೇಲೆ ಕಾರು ದಾಟಿದಾಗ ಅದರ ಸಂಖ್ಯೆ ಕಂಪ್ಯೂಟರಿಗೆ ಹೋಗಿ ಸುತ್ತೂ ಸಮಯವೂ ದಾಖಲಾಗುತ್ತದೆ. ಅದನ್ನು ಕೊಳ್ಳುವ ಶಕ್ತಿ ನಮಗಿಲ್ಲ, ಅಗತ್ಯವೂ ಇಲ್ಲ. ಅದು ಬರುವ ಮುಂಚೆ ಜನ ಕೂತು ಎಣಿಸುತ್ತಿದ್ದರು. ಗುಮಾಸ್ತರ ಕೆಲಸ ಮಾಡಿದವರಿಗೆ ಇದು ಕಷ್ಟವೇ ಅಲ್ಲ. ಒಂದು ಕಾರಿಗೆ ಒಬ್ಬರೇ ಎಣಿಕೆದಾರರು. ಅವರ ಮುಂದೆ ಒಂದರಿಂದ ಮೂವತ್ತರವರೆಗೆ ಮನೆ ಹಾಕಿದ ಹಾಳೆ. ಕಾರು ಗೆರೆ ದಾಟಿದಾಗಲೆಲ್ಲ ಗಡಿಯಾರ ನೋಡಿ ಸೆಕೆಂಡು ಬರೆಯುವುದು. ಬರೀ ಅಡ್ಡಗೆರೆ ಎಳೆದು ಎಣಿಸಿದರೆ ತಪ್ಪು ಹಿಡಿಯಲಾಗದು. ಸೆಕೆಂಡು ಬರೆದಿದ್ದರೆ ಎಲ್ಲ ಸುತ್ತೂ ಹದಿನಾರು ಹದಿನೇಳು ಸೆಕೆಂಡಿದ್ದು ಒಂದು ಮಾತ್ರ ಮೂವತ್ತಮೂರು ಬಂದಾಗ ಅಲ್ಲೊಂದು ಸುತ್ತು ಬಿಟ್ಟುಹೋಗಿರಬೇಕು ಎಂಬ ಅನುಮಾನ ತಾನಾಗಿ ಬರುತ್ತದೆ. ಆಗ ಗೆರೆಯ ನೇರಕ್ಕೆ ಕಟ್ಟಿಟ್ಟ ಮೊಬೈಲಿನ ವಿಡಿಯೋ ನೋಡಿದರಾಯಿತು. ಹೊಸೂರಿನ ಮಗುವಿನ ಕಾರನ್ನು ಸೊಲ್ಲಾಪುರದವರು ಎಣಿಸಲಿ, ಸೊಲ್ಲಾಪುರದ್ದನ್ನು ಆದವಾನಿಯವರು. ಹಾಳೆಯ ಕೆಳಗೆ ಎಣಿಸಿದವರ ರುಜು ಇರಲೇಬೇಕು.

ಇನ್ನು ನಮಗೆ ಅತ್ಯಂತ ಮೆಚ್ಚುಗೆಯಾದ ನಿಯಮಕ್ಕೆ ಬರುತ್ತೇವೆ. ಓಟದಲ್ಲಿ ಕಾರು ಮಗುಚುವುದು, ಅಂಚಿನ ಪೈಪಿಗೆ ಸಿಕ್ಕಿಕೊಳ್ಳುವುದು ಸಾಮಾನ್ಯ. ಚಾಲಕರೆಲ್ಲ ಒಂದು ಎತ್ತರದ ಕಟ್ಟೆಯ ಮೇಲೆ ನಿಂತಿರುತ್ತಾರೆ, ಅಲ್ಲಿಂದ ಇಳಿಯುವ ಹಾಗಿಲ್ಲ. ಹಾಗಾದರೆ ಮಗುಚಿದ ಕಾರನ್ನು ಎತ್ತಿ ನಿಲ್ಲಿಸುವವರು ಯಾರು? ಅವರಿಗೆ ಮಾರ್ಷಲ್ ಎನ್ನುತ್ತಾರೆ, ತಿರುವಿಗೊಬ್ಬರಂತೆ ನಿಂತಿರುತ್ತಾರೆ. ಇದಕ್ಕೆ ಕೂಲಿಯವರಿಲ್ಲ, ಸ್ವಯಂಸೇವಕರೂ ಇಲ್ಲ. ಆಗಷ್ಟೇ ಓಡಿಸಿ ಮುಗಿಸಿದ ಗುಂಪಿನ ಚಾಲಕರೇ ಮುಂದಿನ ಗುಂಪಿಗೆ ಮಾರ್ಷಲ್‌ಗಳು. ವಿಶ್ವ ಚಾಂಪಿಯನ್ ಆದವನೂ ರಿಮೋಟ್ ಕೆಳಗಿಟ್ಟು ಓಡಿ ಹೋಗಿ ತಿರುವಿನಲ್ಲಿ ನಿಂತು, ಹೆಸರೂ ಗೊತ್ತಿಲ್ಲದ ಹುಡುಗನ ಕಾರನ್ನು ಎತ್ತಿ ಕೊಡಬೇಕು. ತಪ್ಪಿಸಿಕೊಂಡವನ ಅತ್ಯುತ್ತಮ ಓಟದ ಫಲಿತಾಂಶವನ್ನೇ ಹೊಡೆದುಹಾಕುವ ಪದ್ಧತಿ ಹಲವು ಕಡೆ ಇದೆ. ಮಾರ್ಷಲ್ ತನ್ನ ಗೆಳೆಯನ ಕಾರನ್ನು ಮೊದಲು ಎತ್ತುವಂತಿಲ್ಲ, ಹತ್ತಿರದ್ದು ಮೊದಲು. ಎತ್ತಿದ ಕಾರನ್ನು ಬಿದ್ದ ಜಾಗದಲ್ಲೇ ಇಡಬೇಕು, ಮುಂದಕ್ಕೆ ಇಡಬಾರದು. ಓಡುತ್ತಿರುವ ಕಾರಿಗೆ ಅಡ್ಡವಾಗಿ ಇಡಬಾರದು. ನಮ್ಮ ಸಂಘದ ಕಾರ್ಯಕ್ರಮಗಳಲ್ಲಿ ಕುರ್ಚಿ ಜೋಡಿಸುವವರು ಯಾವಾಗಲೂ ಅದೇ ನಾಲ್ಕು ಜನ, ಮಾಲೆ ಹಾಕಿಸಿಕೊಳ್ಳುವವರೂ ಅದೇ ನಾಲ್ಕು ಜನ. ಈ ನಿಯಮ ಓದಿದಾಗ ಅದು ನೆನಪಾಯಿತು.

ಗೆಲುವು ನಿರ್ಧರಿಸುವ ಕ್ರಮಕ್ಕೂ ಒಂದು ಇತಿಹಾಸವಿದೆ. ಹಿಂದೆ ಅರ್ಹತಾ ಓಟಗಳಲ್ಲಿ ಇಡೀ ದಿನದ ಅತಿ ವೇಗದ ಒಂದು ಓಟವನ್ನೇ ಲೆಕ್ಕಕ್ಕೆ ಹಿಡಿಯುತ್ತಿದ್ದರು. ಮಣ್ಣಿನ ಅಂಕಣ ಬೆಳಿಗ್ಗೆ ಒಂದು ಹದದಲ್ಲಿದ್ದರೆ ಮಧ್ಯಾಹ್ನ ಇನ್ನೊಂದು. ನಡುವೆ ಮಳೆ ಬಂದರೆ ಮುಗಿಯಿತು, ಮಳೆಗೆ ಮುಂಚೆ ಓಡಿಸಿದವನೇ ಮುಂದು. ಚೆನ್ನಾಗಿ ಓಡಿಸಿದವನಿಗಿಂತ ಹೊತ್ತು ಒಲಿದವನಿಗೆ ಲಾಭ. ಆದ್ದರಿಂದ ಸರದಿಗೊಂದು ಅಂಕ ಕೊಡುವ ಪದ್ಧತಿ ಬಂತು. ಆ ಸರದಿಯಲ್ಲಿ ಮೊದಲು ಬಂದವನಿಗೆ ಒಂದು, ಎರಡನೆಯವನಿಗೆ ಎರಡು. ಕೆಲವು ಸರದಿಗಳ ಒಳ್ಳೆಯ ಅಂಕಗಳನ್ನು ಮಾತ್ರ ಕೂಡಿಸಿ, ಮೊತ್ತ ಕಡಿಮೆ ಇದ್ದವನು ಮುಂದೆ. ಹೀಗಾದಾಗ ಒಂದು ಸಲ ಚಕ್ರ ಕಳಚಿದರೂ ಮಗುವಿನ ದಿನವೆಲ್ಲ ಹಾಳಾಗುವುದಿಲ್ಲ. ಬ್ಯಾಟರಿ ಕಾರುಗಳ ಅಂತಿಮ ಓಟವನ್ನೂ ಮೂರು ಸಲ ಓಡಿಸಿ ಒಳ್ಳೆಯ ಎರಡನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಸೋತವರಿಗೂ ಅವರವರ ಮಟ್ಟದಲ್ಲಿ ಬಿ, ಸಿ, ಡಿ ಎಂದು ಅಂತಿಮ ಓಟಗಳಿರುತ್ತವೆ. ಬೆಳಿಗ್ಗೆಯೇ ಸೋತು ಸಂಜೆಯವರೆಗೆ ಮುಖ ಸಪ್ಪೆ ಮಾಡಿಕೊಂಡು ಕೂರುವ ಪ್ರಮೇಯ ಯಾರಿಗೂ ಇಲ್ಲ.

ಎಲ್ಲಕ್ಕಿಂತ ತೊಡಕಿನದು ದುಡ್ಡಿನ ಪ್ರಶ್ನೆ. ಇದು ಜಾತ್ರೆಯಲ್ಲಿ ಹುಟ್ಟಿದ್ದಲ್ಲ, ಈ ಆಟದ ಜೊತೆಗೇ ಹುಟ್ಟಿದ್ದು. ಹೊಸ ಮೋಟರ್, ಹೊಸ ಬ್ಯಾಟರಿ, ಹೊಸ ಟೈರು ಬಂದಹಾಗೆಲ್ಲ ಕೊಳ್ಳಬಲ್ಲವನು ಗೆಲ್ಲುತ್ತಾನೆ. ಕೊಳ್ಳಲಾಗದವನು ಒಂದು ವರ್ಷ ನೋಡಿ ಆಟ ಬಿಡುತ್ತಾನೆ. ನಾಲ್ಕು ಜನ ಬಿಟ್ಟಮೇಲೆ ಕ್ಲಬ್ಬೇ ಮುಚ್ಚುತ್ತದೆ. ಅದನ್ನು ತಡೆಯಲು ಅಲ್ಲಿಯ ಸಂಸ್ಥೆಗಳು ಹಲವು ಉಪಾಯ ಮಾಡಿವೆ. ಮೋಟರಿನೊಳಗೆ ತಾಮ್ರದ ತಂತಿಯನ್ನು ಎಷ್ಟು ಸುತ್ತು ಸುತ್ತಿದೆ ಎಂಬುದನ್ನು ಟರ್ನ್ ಎನ್ನುತ್ತಾರೆ. ಸುತ್ತು ಕಡಿಮೆಯಾದಷ್ಟೂ ವೇಗ ಜಾಸ್ತಿ. 21.5, 17.5, 13.5 ಎಂದು ಮೋಟರ್ ನಿಗದಿ ಮಾಡಿ ವರ್ಗ ವಿಂಗಡಿಸುತ್ತಾರೆ. ವೇಗ ನಿಯಂತ್ರಿಸುವ ಡಬ್ಬಿಯೊಳಗೆ ಕಳ್ಳತನದಿಂದ ವೇಗ ಹೆಚ್ಚಿಸಬಹುದಲ್ಲ ಎಂದರೆ ಅದಕ್ಕೂ ಮದ್ದಿದೆ. ಹೆಚ್ಚಿನ ವೇಗದ ಸೌಲಭ್ಯ ಮುಚ್ಚಿದಾಗ ಡಬ್ಬಿಯ ಮೇಲೆ ಒಂದು ದೀಪ ಮಿಣುಕುವಂತೆ ಮಾಡಿದ್ದಾರೆ, ಪರಿಶೀಲಕರು ದೀಪ ನೋಡಿದರೆ ಸಾಕು. ಎಲ್ಲರೂ ಸಂಘಟಕರಿಂದಲೇ ಒಂದೇ ಬಗೆಯ ಟೈರು ಕೊಳ್ಳಬೇಕು, ಅದಕ್ಕೆ ಗುರುತು ಹಾಕಿರುತ್ತಾರೆ ಎಂಬುದು ಇನ್ನೊಂದು ಕ್ರಮ. ಕೆಲವು ಕಡೆ ಮೋಟರನ್ನೇ ಸ್ಪರ್ಧೆಯ ದಿನ ಕೈಗೆ ಕೊಟ್ಟು ಸಂಜೆ ವಾಪಸು ತೆಗೆದುಕೊಳ್ಳುತ್ತಾರೆ.

ವರ್ಗ ವಿಂಗಡಣೆ ಕಾಸರಗೋಡು ಕಡೆಯ ಸದಸ್ಯರಿಗೆ ಹೊಸದೇನಲ್ಲ. ಕಂಬಳದಲ್ಲಿ ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ, ಅಡ್ಡ ಹಲಗೆ, ಕನೆ ಹಲಗೆ ಎಂದು ಬೇರೆ ಬೇರೆ ಮಾಡಿರುವುದರ ಹಿಂದೆಯೂ ಇದೇ ವಿವೇಕ. ಎಳೆಯ ಕೋಣಗಳನ್ನು ಪಳಗಿದ ಜೋಡಿಯ ಎದುರು ಬಿಟ್ಟರೆ ನೋಡುವುದೇನಿದೆ?

ನಮ್ಮ ಅಭಿಪ್ರಾಯದಲ್ಲಿ ಈ ಮೋಟರ್, ಟೈರಿನ ಪರಿಶೀಲನೆ ನಮ್ಮ ಕೈಲಾಗದ ಕೆಲಸ. ದೀಪ ಮಿಣುಕಿತೋ ಇಲ್ಲವೋ ಎಂದು ನೋಡಲು ಬಲ್ಲವರು ಶಾಖೆಗೆ ಒಬ್ಬರೂ ಸಿಕ್ಕಲಾರರು. ಸಿಕ್ಕಿದರೂ ಅವರ ಮಗನೂ ಸ್ಪರ್ಧೆಯಲ್ಲಿರುತ್ತಾನೆ. ಆದ್ದರಿಂದ ಬೇರೆ ದಾರಿ ಸೂಚಿಸುತ್ತಿದ್ದೇವೆ. ಯಾರೂ ಮನೆಯಿಂದ ಕಾರು ತರುವುದು ಬೇಡ. ಸಂಘವೇ ಒಂದೇ ಬಗೆಯ ಆರು ಕಾರು ಕೊಳ್ಳಲಿ. ಹತ್ತನೇ ಒಂದು ಅಳತೆಯ, ಬಿಡಿಭಾಗ ಸಿಗುವಂಥ, ಕಲಿಕೆಯ ಮಟ್ಟದ ಕಾರು. ಕಂಪನಿ ಒಂದೇ ಆದರೂ ಆರೂ ಒಂದೇ ಸಮ ಓಡುವುದಿಲ್ಲ, ಒಂದು ಎಡಕ್ಕೆ ಎಳೆದರೆ ಇನ್ನೊಂದಕ್ಕೆ ಬ್ರೇಕು ಮಂದ. ಅದಕ್ಕೆ ಕಾರನ್ನು ತಿರುಗಿಸುತ್ತಾ ಹೋಗುವುದು. ಗುಂಪಿಗೆ ಆರು ಮಕ್ಕಳು, ಆರು ಸರದಿ. ಮೊದಲ ಸರದಿಯಲ್ಲಿ ಒಂದನೇ ಮಗುವಿಗೆ ಒಂದನೇ ಕಾರು, ಎರಡನೇ ಸರದಿಯಲ್ಲಿ ಎರಡನೇ ಕಾರು, ಹೀಗೆ. ಎರಡನೇ ಮಗು ಎರಡರಿಂದ ಶುರುಮಾಡಿ ಆರಾದ ಮೇಲೆ ಒಂದಕ್ಕೆ ಬರುತ್ತದೆ. ಆರು ಸರದಿ ಮುಗಿಯುವಷ್ಟರಲ್ಲಿ ಪ್ರತಿಯೊಬ್ಬರೂ ಪ್ರತಿಯೊಂದು ಕಾರನ್ನೂ ಒಂದೊಂದು ಸಲ ಓಡಿಸಿರುತ್ತಾರೆ. ಕೆಟ್ಟ ಕಾರು ಸಿಕ್ಕಿತೆಂದು ಯಾರೂ ದೂರುವಂತಿಲ್ಲ, ಎಲ್ಲರಿಗೂ ಸಿಕ್ಕಿರುತ್ತದೆ. ಅತಿ ಕೆಟ್ಟ ಒಂದು ಸರದಿಯ ಅಂಕ ಬಿಟ್ಟು ಐದನ್ನು ಕೂಡಿಸುವುದು.

ಲೆಕ್ಕ ಹಾಕಿ ನೋಡಿದ್ದೇವೆ. ಇಪ್ಪತ್ತನಾಲ್ಕು ಮಕ್ಕಳೆಂದರೆ ನಾಲ್ಕು ಗುಂಪು, ಒಟ್ಟು 24 ಓಟ. ಓಟಕ್ಕೆ 3 ನಿಮಿಷ, ರಿಮೋಟ್ ಬದಲಿಸಿ ಮಾರ್ಷಲ್‌ಗಳು ಜಾಗ ಹಿಡಿಯಲು 4 ನಿಮಿಷ. ಒಟ್ಟು 168 ನಿಮಿಷ, ಅಂದರೆ ಮೂರು ಗಂಟೆಗೆ ಸ್ವಲ್ಪ ಕಮ್ಮಿ. ಗುಂಪಿನಲ್ಲಿ ಗೆದ್ದ ನಾಲ್ವರು, ಎರಡನೆಯವರಲ್ಲಿ ಉತ್ತಮರಾದ ಇಬ್ಬರು ಅಂತಿಮ ಓಟಕ್ಕೆ. ಅದು ಮೂರು ಸಲ, ಪ್ರತಿ ಸಲವೂ ಚೀಟಿ ಎತ್ತಿ ಕಾರು ಹಂಚುವುದು. ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡಿದರೆ ಊಟದ ಹೊತ್ತಿಗೆ ಮುಗಿಯುತ್ತದೆ. ಪ್ರತಿ ಕಾರೂ ಗುಂಪಿನ ಓಟಗಳಲ್ಲೇ 72 ನಿಮಿಷ ಓಡಬೇಕಾಗುವುದರಿಂದ ಒಂದೊಂದಕ್ಕೆ ಮೂರು ನಾಲ್ಕು ಬ್ಯಾಟರಿ ಬೇಕು, ಒಂದು ಓಡುತ್ತಿರುವಾಗ ಇನ್ನೊಂದು ಚಾರ್ಜಾಗುತ್ತಿರಬೇಕು.

ಬ್ಯಾಟರಿಯ ವಿಷಯದಲ್ಲಿ ನಾವು ಕಟ್ಟುನಿಟ್ಟು. ಲಿಥಿಯಂ ಪಾಲಿಮರ್ ಬ್ಯಾಟರಿ ಹಗುರ, ಬಲ ಹೆಚ್ಚು, ಆದರೆ ಅಳತೆ ಮೀರಿ ಚಾರ್ಜಾದರೆ, ಉಬ್ಬಿದರೆ, ಪೆಟ್ಟು ತಿಂದರೆ ಬೆಂಕಿ ಹತ್ತುತ್ತದೆ. ಎರಡು ಕೋಶದ ಬ್ಯಾಟರಿ 8.4 ವೋಲ್ಟ್ ಮೀರಬಾರದು ಎಂಬ ನಿಯಮ ಸ್ಪರ್ಧೆಗಳಲ್ಲಿರುವುದು ನ್ಯಾಯಕ್ಕೂ ಹೌದು, ಸುರಕ್ಷತೆಗೂ ಹೌದು. ನಮ್ಮ ಓಟಕ್ಕೆ ನಿಕಲ್ ಬ್ಯಾಟರಿಯೇ ಸಾಕು, ವೇಗ ಸ್ವಲ್ಪ ಕಮ್ಮಿಯಾದರೆ ಲುಕ್ಸಾನಿಲ್ಲ. ಯಾವುದೇ ಆದರೂ ಚಾರ್ಜು ಹಾಕುವ ಮೇಜು ಶಾಮಿಯಾನದ ಬಟ್ಟೆಯಿಂದ ದೂರವಿರಲಿ, ಪಕ್ಕದಲ್ಲಿ ಒಂದು ಬಕೆಟ್ ಒಣ ಮರಳು ಇರಲಿ, ಮೇಜಿನ ಮುಂದೆ ಒಬ್ಬ ದೊಡ್ಡವರು ಕದಲದೆ ಕೂತಿರಲಿ.

ಅಂಕಣಕ್ಕೆ ಹೆಚ್ಚು ಖರ್ಚಿಲ್ಲ. ಹಳೆಯ ನೀರಿನ ಪೈಪನ್ನು ಮೊಳೆ ಹೊಡೆದು ನೆಲಕ್ಕೆ ಬಿಗಿದರೆ ಅಂಚಾಯಿತು, ಎರಡರಿಂದ ಮೂರು ಮೀಟರ್ ಅಗಲ ಸಾಕು. ಚಾಲಕರ ಕಟ್ಟೆಗೆ ಭಾಷಣದ ವೇದಿಕೆಯನ್ನೇ ಬಳಸಬಹುದು. ಪ್ರೇಕ್ಷಕರ ಕಡೆ ಹಗ್ಗ ಸಾಲದು, ಹಲಗೆ ಅಥವಾ ಬೆಂಚು ಅಡ್ಡ ಇಡಬೇಕು. ಒಂದೂವರೆ ಕಿಲೋ ತೂಕದ ಕಾರು ವೇಗದಲ್ಲಿ ಬಂದು ಹರಡಿಗೆ ಬಡಿದರೆ ವಯಸ್ಸಾದವರು ತಿಂಗಳು ಕುಂಟಬೇಕಾಗುತ್ತದೆ.

ತೀರ್ಪಿನ ಬಗ್ಗೆ ಜಗಳ ಬಂದರೆ? ಹಲವು ಸಂಸ್ಥೆಗಳಲ್ಲಿ ಆಕ್ಷೇಪಣೆಯನ್ನು ಬರವಣಿಗೆಯಲ್ಲೇ, ನಿಗದಿತ ಸಮಯದೊಳಗೆ, ಠೇವಣಿ ಕಟ್ಟಿ ಕೊಡಬೇಕು. ಆಕ್ಷೇಪಣೆ ಸರಿಯೆಂದು ಕಂಡರೆ ಠೇವಣಿ ವಾಪಸು. ಮಕ್ಕಳಿಂದ ಠೇವಣಿ ಬೇಡ. ಆದರೆ ಬರವಣಿಗೆ ಬೇಕು, ಹತ್ತು ನಿಮಿಷದೊಳಗೆ ಬೇಕು, ಬರೆಯಬೇಕಾದವರು ಸ್ಪರ್ಧಿಯೇ ಹೊರತು ಅವರ ಅಪ್ಪ ಅಲ್ಲ. ತೀರ್ಪುಗಾರರು ಒಬ್ಬರೇ ಇರಲಿ, ಸ್ಪರ್ಧೆಯಲ್ಲಿ ಅವರ ಮನೆಯ ಮಕ್ಕಳಿರಬಾರದು.

ಹೀಗೆ ಬರೆಯಬೇಕಾದ ಆಕ್ಷೇಪಣೆಯೂ, ಓದಬೇಕಾದ ನಿಯಮವೂ ಕನ್ನಡದಲ್ಲೇ ಇರತಕ್ಕದ್ದು. ಆಟಕ್ಕೂ ಕನ್ನಡಕ್ಕೂ ಏನು ಸಂಬಂಧವೆಂದು ಕೇಳಿದ ಹಿರಿಯರಿಗೆ ಇದೇ ನಮ್ಮ ಉತ್ತರ. ನಿಯಮಗಳನ್ನು ಒಂದೇ ಪುಟದಲ್ಲಿ, ದಪ್ಪ ಅಕ್ಷರದಲ್ಲಿ ಮುದ್ರಿಸುತ್ತೇವೆ. ತೆಲುಗು, ಮಲಯಾಳಂ, ತಮಿಳು, ಮರಾಠಿ ಲಿಪಿಯಲ್ಲೂ ಕೊಡೋಣವೆಂದು ಸಮಿತಿಯಲ್ಲಿ ಕೆಲವರು ಹೇಳಿದರು. ನಾವು ಒಪ್ಪಲಿಲ್ಲ. ಪ್ರಬಂಧ ಸ್ಪರ್ಧೆಯ ಕರಪತ್ರವನ್ನು ಯಾವ ಹುಡುಗನೂ ಓದುವುದಿಲ್ಲ. ಆದರೆ ತನ್ನ ಸರದಿ ಯಾವಾಗ, ಯಾವ ಕಾರು, ಏನು ಮಾಡಿದರೆ ಅಂಕ ಹೋಗುತ್ತದೆ ಎಂದು ಬರೆದ ಕಾಗದವನ್ನು ಒಂದೊಂದೇ ಅಕ್ಷರ ಕೂಡಿಸಿಯಾದರೂ ಓದುತ್ತಾನೆ. ಅಕ್ಷರ ಬಾರದ ಮಕ್ಕಳಿಗಾಗಿ ಪ್ರತಿ ಶಾಖೆಯೂ ಓಟಕ್ಕೆ ಮುಂಚಿನ ನಾಲ್ಕು ಭಾನುವಾರ ಒಬ್ಬರನ್ನು ಗೊತ್ತುಮಾಡಲಿ, ಅದೇ ಪುಟವನ್ನು ಪಾಠವಾಗಿ ಇಟ್ಟುಕೊಂಡು ಕಲಿಸಲಿ. ಓಟದ ವೀಕ್ಷಕ ವಿವರಣೆಯನ್ನೂ ಸರದಿಯಿಲ್ಲದ ಮಕ್ಕಳೇ ಮೈಕಿನಲ್ಲಿ ಹೇಳಲಿ. ಬದಿಯಡ್ಕದ ಕನ್ನಡ, ಸೊಲ್ಲಾಪುರದ ಕನ್ನಡ, ತಾಳವಾಡಿಯ ಕನ್ನಡ ಯಾವುದಾದರೂ ಸರಿ, ತಿದ್ದಲು ಹೋಗಬೇಡಿ.

ಕಾರುಗಳ ಖರೀದಿಗೆ ಸಂಘದ ಕ್ರೀಡಾ ನಿಧಿಯಿಂದ ಅರ್ಧ ಹಣ ಕೊಡಬಹುದೆಂದು ಸಮಿತಿ ಒಪ್ಪಿದೆ. ಉಳಿದರ್ಧಕ್ಕೆ ಶಾಖೆಗಳು ತಮ್ಮ ಪಾಲನ್ನು ತಿಳಿಸಬೇಕು. ಓಟ ಮುಗಿದ ಮೇಲೆ ಆರು ಕಾರೂ ಸರದಿಯಂತೆ ಎರಡೆರಡು ತಿಂಗಳು ಒಂದೊಂದು ಶಾಖೆಯಲ್ಲಿರುತ್ತವೆ, ಕೊಟ್ಟದ್ದಕ್ಕೂ ಪಡೆದದ್ದಕ್ಕೂ ದಾಸ್ತಾನು ಪುಸ್ತಕದಲ್ಲಿ ರುಜು ಆಗಬೇಕು. ಕರಡು ನಿಯಮದ ಪ್ರತಿ ಎಲ್ಲ ಶಾಖಾ ಕಾರ್ಯದರ್ಶಿಗಳ ಬಳಿ ಇದೆ. ತಿದ್ದುಪಡಿಗಳನ್ನು ಗಣೇಶನ ಹಬ್ಬದೊಳಗೆ ಕಳುಹಿಸಿಕೊಡಿ. ದೊಡ್ಡವರು ನೋಡಿದ ಮೇಲೆ ಮಕ್ಕಳಿಗೂ ಒಮ್ಮೆ ತೋರಿಸಿ, ಮಾರ್ಷಲ್ ನಿಯಮದ ಬಗ್ಗೆ ಅವರು ಏನು ಹೇಳುತ್ತಾರೆಂಬುದನ್ನು ತಪ್ಪದೆ ಬರೆದು ತಿಳಿಸಿ.